ಕಾಗದದ ಕುಟುಂಬ

ಮೈಲಾಪೂರಿನಲ್ಲಿ ನೆಲೆಸಿರುವ ಅನುಕೂಲಸ್ಥ ಕನ್ನಡ ಜೈನ ಗೃಹಸ್ಥನ ಬೀರುವಿನಲ್ಲಿ ಎರಡು ಪ್ಯಾನ್ ಕಾರ್ಡುಗಳು ದೊರೆಯುವುದು ಅಪರೂಪವಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಾಲ್ಕನೆಯ ಅಕ್ಷರದಲ್ಲಿ ಭೇದ ಕಾಣುತ್ತದೆ. ಒಂದರಲ್ಲಿ ‘ಪಿ’, ಎಂದರೆ ಉಣ್ಣುವ, ದುಡಿಯುವ, ಒಂದು ದಿನ ಸಾಯುವ ವ್ಯಕ್ತಿ. ಇನ್ನೊಂದರಲ್ಲಿ ‘ಎಚ್’, ಎಂದರೆ ಹಿಂದೂ ಅವಿಭಕ್ತ ಕುಟುಂಬ. ಈ ಎರಡನೆಯದಕ್ಕೆ ಒಲೆಯಿಲ್ಲ, ಪಂಕ್ತಿಯಿಲ್ಲ, ಹಬ್ಬ ಹುಣ್ಣಿಮೆಗಳಿಲ್ಲ. ವರ್ಷಕ್ಕೊಮ್ಮೆ ರಿಟರ್ನ್ ಸಲ್ಲಿಸುವ ಕಾಲ ಬಂದಾಗ ಅದು ಎದ್ದು ಕೂಡುತ್ತದೆ. ‘ಕರ್ತಾ’ ಎಂದು ಕೆತ್ತಿದ ರಬ್ಬರ್ ಮೊಹರಿನಡಿಯಲ್ಲಿ ಒಂದು ಸಹಿ ಬೀಳುತ್ತದೆ. ಮತ್ತೆ ಮುಂದಿನ ವರ್ಷದವರೆಗೆ ಮಲಗುತ್ತದೆ.

ಭಾರತದ ತೆರಿಗೆ ವ್ಯವಸ್ಥೆಯಲ್ಲಿರುವ ಕಲ್ಪಿತ ಪಾತ್ರಗಳಲ್ಲಿ ಇದಕ್ಕಿಂತ ದೀರ್ಘಾಯುಷಿಯಾದುದು ಇನ್ನೊಂದಿಲ್ಲ. 1886ರ ಆದಾಯ ತೆರಿಗೆ ಕಾಯಿದೆಯಲ್ಲಿ ಹಿಂದೂ ಅವಿಭಕ್ತ ಕುಟುಂಬವನ್ನು ‘ವ್ಯಕ್ತಿ’ ಎಂದು ಗಣಿಸಲಾಯಿತು. 1922ರ ಕಾಯಿದೆ ಅದನ್ನು ಉಳಿಸಿಕೊಂಡಿತು, 1961ರದೂ ಉಳಿಸಿಕೊಂಡಿತು, 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ 2025ರ ಕಾಯಿದೆಯೂ ಉಳಿಸಿಕೊಂಡಿದೆ. ಮೂರು ಪೀಳಿಗೆಗಳು ಒಂದೇ ಸೂರಿನಡಿಯಲ್ಲಿ ಒಂದೇ ಗಲ್ಲಾಪೆಟ್ಟಿಗೆಯಿಂದ ಬದುಕುತ್ತಿದ್ದ 1886ರಲ್ಲಿ ಆ ವ್ಯಾಖ್ಯೆಗೆ ಅರ್ಥವಿತ್ತು. ಅಂದು ಕಾಯಿದೆ ಕಣ್ಣೆದುರಿಗಿದ್ದ ಒಂದು ವಸ್ತುವಿಗೆ ಹೆಸರಿಟ್ಟಿತು. ಇಂದು ಹೆಸರು ಉಳಿದಿದೆ, ವಸ್ತುವನ್ನು ಛಾಪಾ ಕಾಗದದ ಮೇಲೆ ತಯಾರಿಸಲಾಗುತ್ತಿದೆ.

ತಯಾರಿಕೆಯ ಲಾಭವೆಷ್ಟೆಂಬುದನ್ನು ಅಂಕಿಗಳಲ್ಲಿಯೇ ನೋಡಬೇಕು. ಲಜ್ ವೃತ್ತದ ಸಮೀಪದಲ್ಲಿ ವಾಸಿಸುವ ಒಬ್ಬ ಗೃಹಸ್ಥನಿಗೆ ವಾರ್ಷಿಕ 30 ಲಕ್ಷ ರೂಪಾಯಿ ವೇತನವಿದೆಯೆಂದೂ, ಆತನ ತಂದೆ ಬಿಟ್ಟುಹೋದ ಒಂದು ಫ್ಲ್ಯಾಟಿನಿಂದ ತಿಂಗಳಿಗೆ 40,000 ರೂಪಾಯಿ ಬಾಡಿಗೆ ಬರುತ್ತದೆಯೆಂದೂ ಇಟ್ಟುಕೊಳ್ಳೋಣ. ವರ್ಷದ ಬಾಡಿಗೆ 4,80,000. ಅದರಲ್ಲಿ ಶೇಕಡ 30ರ ನಿಗದಿತ ಕಡಿತ ಕಳೆದರೆ 3,36,000. ಈ ಮೊತ್ತ ಆತನ ಸ್ವಂತ ಆದಾಯಕ್ಕೆ ಸೇರಿದರೆ ಶೇಕಡ 30ರ ದರದಲ್ಲಿ 1,00,800, ಅದರ ಮೇಲೆ ಶೇಕಡ 4ರ ಸೆಸ್ ಸೇರಿ 1,04,832 ರೂಪಾಯಿ ತೆರಿಗೆ. ಅದೇ ಫ್ಲ್ಯಾಟು ಅವಿಭಕ್ತ ಕುಟುಂಬದ ಹೆಸರಿನಲ್ಲಿದ್ದರೆ, ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯಿಲ್ಲವಾದ್ದರಿಂದ, ಸೊನ್ನೆ. ಬಾಡಿಗೆದಾರ ಅವನೇ, ಗೋಡೆಗಳು ಅವೇ, ಹಣ ಖರ್ಚಾಗುವ ಮನೆಯೂ ಅದೇ. ಮೊಹರು ಮಾತ್ರ ಬೇರೆ.

ಅದೇ ಮೈಲಾಪೂರಿನ ಪೂರ್ವದ ಅಂಚಿನಲ್ಲಿ, ಸಾಂತೋಮಿನ ಇಗರ್ಜಿಯ ನೆರಳಿನಲ್ಲಿ, ಇಷ್ಟೇ ವೇತನವೂ ಇಷ್ಟೇ ಬಾಡಿಗೆಯೂ ಇರುವ ಕ್ರೈಸ್ತ ಗೃಹಸ್ಥನೊಬ್ಬನಿದ್ದರೆ ಆತ ಪ್ರತಿವರ್ಷ ಆ 1,04,832 ರೂಪಾಯಿಯನ್ನು ಕಟ್ಟಲೇಬೇಕು. ಆತನೂ ಹೆಂಡತಿ ಮಕ್ಕಳೊಡನೆ ವಾಸಿಸುತ್ತಾನೆ; ಮುದಿ ತಾಯಿಯನ್ನೂ ಸಾಕುತ್ತಿರಬಹುದು. ಆದರೂ ಕಾಯಿದೆಯ ಕಣ್ಣಿನಲ್ಲಿ ಆತನಿಗೆ ‘ಕುಟುಂಬ’ವಿಲ್ಲ. ಒಂದೇ ಬೀದಿಯ ಇಬ್ಬರು ನೆರೆಯವರ ನಡುವೆ ಜನ್ಮದ ಆಧಾರದ ಮೇಲೆ ತೆರಿಗೆಯ ಗೆರೆ ಎಳೆಯುವ ವ್ಯವಸ್ಥೆಯಿಂದ ಲಾಭ ಪಡೆಯುವವರು ವೇದಿಕೆಯ ಮೇಲೆ ಸಮಾನತೆಯ ಮಾತನಾಡುವಾಗ ಸ್ವಲ್ಪ ಸಂಕೋಚಪಡುವುದು ಒಳ್ಳೆಯದು.

ಈ ಅನ್ಯಾಯದ ವಿಷಯ ಹೊಸದಲ್ಲ. 1971ರಲ್ಲಿ ವಾಂಚೂ ಸಮಿತಿ ಅವಿಭಕ್ತ ಕುಟುಂಬವು ತೆರಿಗೆ ತಪ್ಪಿಸುವ ಸಾಧನವಾಗಿರುವುದನ್ನು ಗುರುತಿಸಿತ್ತು. 2018ರ ಆಗಸ್ಟ್‌ನಲ್ಲಿ ಕಾನೂನು ಆಯೋಗದ ಸಮಾಲೋಚನಾ ಪತ್ರವೂ ಇದನ್ನು ಕೇವಲ ಭಾವನೆಗಳ ಹೆಸರಿನಲ್ಲಿ ಸಮರ್ಥಿಸುತ್ತ ರಾಜ್ಯದ ವರಮಾನವನ್ನು ಬಲಿಕೊಡುವುದು ವಿವೇಕವಲ್ಲವೆಂಬ ಅಭಿಪ್ರಾಯ ನೀಡಿತು. ಸರ್ಕಾರಗಳು ಓದಿದವು, ಮಡಿಸಿಟ್ಟವು. ಮತದ ಲೆಕ್ಕ ಎಲ್ಲ ಪಕ್ಷಗಳಿಗೂ ಒಂದೇ. ಸರ್ಕಾರ ಮಾಡದಿದ್ದುದನ್ನು ಒಂದು ಸಣ್ಣ ಸಮಾಜ ತಾನಾಗಿ ಮಾಡಬಹುದೇ ಎಂಬುದೇ ಇಲ್ಲಿಯ ಪ್ರಶ್ನೆ. ಮಾಡಬೇಕಾದುದಕ್ಕೆ ಕಾರಣ ತೆರಿಗೆಗಿಂತ ಹತ್ತಿರದಲ್ಲಿದೆ, ಮನೆಯೊಳಗೇ ಇದೆ.

ಮೇಲಿನ ಫ್ಲ್ಯಾಟಿಗೆ ಮರಳಬೇಕು. ಅದು ಅವಿಭಕ್ತ ಕುಟುಂಬದ ಆಸ್ತಿಯಾದುದು ಹೇಗೆ? ತಾನೇ ಸಂಪಾದಿಸಿದ್ದನ್ನು ಗೃಹಸ್ಥನು ಕುಟುಂಬದ ಗಂಟಿಗೆ ಎಸೆದರೆ ಪ್ರಯೋಜನವಿಲ್ಲ. 1969ರ ಡಿಸೆಂಬರ್ 31ರ ಅನಂತರ ಹಾಗೆ ಎಸೆದ ಆಸ್ತಿಯ ಆದಾಯವನ್ನು ತೆರಿಗೆ ಕಾಯಿದೆ ಮತ್ತೆ ಆತನ ತಲೆಗೇ ಕಟ್ಟುತ್ತದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೂ ಪ್ರಯೋಜನವಿಲ್ಲ. ತಂದೆಯ ಸ್ವಯಾರ್ಜಿತ ಆಸ್ತಿ 1956ರ ಉತ್ತರಾಧಿಕಾರ ಕಾಯಿದೆಯ 8ನೆಯ ಕಲಮಿನನ್ವಯ ಮಗನಿಗೆ ಬಂದಾಗ ಅದು ಅವನ ಸ್ವಂತದ್ದೇ ಹೊರತು ಅವನ ಅವಿಭಕ್ತ ಕುಟುಂಬದ್ದಲ್ಲ. 1978ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ಹೀಗೆಂದಿತು. 1986ರಲ್ಲಿ ಸುಪ್ರೀಂ ಕೋರ್ಟು ಚಂದರ್ ಸೇನ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಎಂದರೆ ನಲವತ್ತು ವರ್ಷಗಳಿಂದ ನಗರದ ನೌಕರವರ್ಗದಲ್ಲಿ ಅವಿಭಕ್ತ ಆಸ್ತಿ ತಾನಾಗಿ ಹುಟ್ಟುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ಉಳಿದಿರುವ ಸುಲಭ ದಾರಿ ಒಂದು: ಮುದುಕ ತಂದೆಯಿಂದ ‘ಈ ಫ್ಲ್ಯಾಟು ಮಗನ ಅವಿಭಕ್ತ ಕುಟುಂಬಕ್ಕೆ ಸೇರತಕ್ಕದ್ದು’ ಎಂದು ಉಯಿಲು ಬರೆಸುವುದು.

ಆ ಒಂದು ವಾಕ್ಯ ಏನು ಮಾಡುತ್ತದೆಂಬುದನ್ನು ತೆರಿಗೆ ಸಲಹೆಗಾರರು ಹೇಳುವುದು ಕಡಮೆ. ಉಯಿಲಿಲ್ಲದಿದ್ದರೆ ಆ ಫ್ಲ್ಯಾಟು ಮುದುಕನ ಹೆಂಡತಿಗೆ ಮೂರನೆಯ ಒಂದು, ಮಗನಿಗೆ ಮೂರನೆಯ ಒಂದು, ಮಗಳಿಗೆ ಮೂರನೆಯ ಒಂದು ಎಂದು ಹೋಗುತ್ತಿತ್ತು. ಉಯಿಲು ಬರೆದ ಕ್ಷಣದಲ್ಲಿ ಮುದುಕಿಯ ಪಾಲೂ ಹೋಯಿತು, ಮದುವೆಯಾಗಿ ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ಅಕ್ಕನ ಪಾಲೂ ಹೋಯಿತು. ಮಗ ವರ್ಷಕ್ಕೆ ಒಂದು ಲಕ್ಷ ಚಿಲ್ಲರೆ ತೆರಿಗೆ ಉಳಿಸಿದ. ಅದರ ಬೆಲೆಯಾಗಿ ಅಕ್ಕ ಒಂದು ಮನೆಯ ಮೂರನೆಯ ಒಂದು ಭಾಗ ಕೊಟ್ಟಳು. ಆಕೆಗೆ ಹೇಳಿದ ಕಾರಣವೂ ಸಿದ್ಧವಿರುತ್ತದೆ: ‘ಅಪ್ಪಾಜಿ ಟ್ಯಾಕ್ಸಿಗೋಸ್ಕರ ಹೀಗೆ ಬರೆದಿದ್ದಾರೆ ಅಕ್ಕಾ, ನೀನು ಬೇರೆ ಅರ್ಥ ಮಾಡಿಕೊಳ್ಳಬೇಡ.’ ತೆರಿಗೆ ಎಂಬ ಪದ ಕೇಳಿದೊಡನೆ ಹೆಣ್ಣುಮಕ್ಕಳು ಸುಮ್ಮನಾಗಬೇಕೆಂಬುದು ನಮ್ರ ಕುಟುಂಬಗಳ ಅಲಿಖಿತ ನಿಯಮ.

ಮುಂದಿನ ಪೀಳಿಗೆಯ ಸ್ಥಿತಿ ಇನ್ನೂ ವಿಚಿತ್ರ. ಅವಿಭಕ್ತ ಕುಟುಂಬದ ಆಸ್ತಿಯಾದ ಮೇಲೆ ಆ ಫ್ಲ್ಯಾಟಿನಲ್ಲಿ ಗೃಹಸ್ಥನ ಮಗಳಿಗೆ ಮಗನಷ್ಟೇ ಜನ್ಮಸಿದ್ಧ ಹಕ್ಕಿದೆ. ತಮಿಳುನಾಡು 1989ರಿಂದ, ಕರ್ನಾಟಕ 1994ರಿಂದ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕು ನೀಡಿದವು. 2005ರ ಸೆಪ್ಟೆಂಬರ್ 9ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಉಳಿದ ಸಂಶಯಗಳನ್ನೂ ನಿವಾರಿಸಿತು. ಹಿರಿಯಳಾದರೆ ಮಗಳೇ ಕರ್ತಾ ಆಗಬಹುದೆಂದು ದೆಹಲಿ ಹೈಕೋರ್ಟು 2015ರಲ್ಲಿಯೇ ಹೇಳಿದೆ. ಇಷ್ಟಾದರೂ ಬ್ಯಾಂಕಿಗೆ ಕೊಡುವ ಸದಸ್ಯರ ಪಟ್ಟಿಯಲ್ಲಿ ಮಗಳ ಹೆಸರು ಮದುವೆಯ ಮರುವರ್ಷ ಮಾಯವಾಗುವುದುಂಟು. ಕೆಲವೆಡೆ ತೌರಿಗೆ ಬಂದ ಮಗಳಿಂದ ಊಟದ ಅನಂತರ, ಎಲೆಯಡಿಕೆಯ ತಟ್ಟೆಯೊಂದಿಗೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯಲಾಗುತ್ತದೆ.

ಗೃಹಿಣಿಯ ಪಾಡು ಎಲ್ಲಕ್ಕಿಂತ ಕಡೆ. ಆಕೆ ಕುಟುಂಬದ ಸದಸ್ಯೆ, ಆದರೆ ಸಹದಾಯಾದಿಯಲ್ಲ. ಎಂದರೆ ಆಸ್ತಿಯಲ್ಲಿ ಪಾಲು ಕೊಡಿ ಎಂದು ಕೇಳುವ ಅಧಿಕಾರ ಆಕೆಗಿಲ್ಲ. ಉತ್ತರ ಮತ್ತು ಪಶ್ಚಿಮ ಭಾರತದ ಪದ್ಧತಿಯಲ್ಲಿ ತಂದೆಮಕ್ಕಳು ವಿಭಾಗವಾದಾಗ ಆಕೆಗೂ ಒಂದು ಪಾಲು ಬರುತ್ತದೆ. ದಕ್ಷಿಣದಲ್ಲಿ, ಮದ್ರಾಸಿನ ನ್ಯಾಯಾಲಯಗಳು ಅನುಸರಿಸಿಕೊಂಡು ಬಂದ ಪದ್ಧತಿಯಲ್ಲಿ, ಆ ಪಾಲೂ ಬಹುಕಾಲದ ಹಿಂದೆಯೇ ಲುಪ್ತವಾಗಿದೆ. ಆಕೆಯ ಬಳೆ ಮಾರಿ ಫ್ಲ್ಯಾಟಿಗೆ ಹೊಸ ನೆಲಹಾಸು ಹಾಕಿಸಿದ್ದರೆ, ಆಕೆಯ ವೇತನದಿಂದ ಸೊಸೈಟಿಯ ಮೇಂಟೆನೆನ್ಸ್ ಕಟ್ಟುತ್ತ ಬಂದಿದ್ದರೆ ಅದೆಲ್ಲವೂ ಅವಿಭಕ್ತ ಗಂಟಿನಲ್ಲಿ ಕರಗಿತು. ವಂಚನೆಯೋ ದುರುಪಯೋಗವೋ ಸಾಬೀತಾಗದ ಹೊರತು ಕರ್ತಾ ಹಿಂದಿನ ವರ್ಷಗಳ ಲೆಕ್ಕ ಒಪ್ಪಿಸಬೇಕಾಗಿಲ್ಲವೆಂಬುದು ಹಳೆಯ ನ್ಯಾಯ. ತೆರಿಗೆ ಇಲಾಖೆಗೆ ಪೈಸೆ ಪೈಸೆಯ ಲೆಕ್ಕ ಕೊಡುವ ಗೃಹಸ್ಥನು ಹೆಂಡತಿಗೆ ಕೊಡಬೇಕಾಗಿಲ್ಲ.

ಇತಿಹಾಸದ ವ್ಯಂಗ್ಯವೆಂದರೆ, ಈ ಗಂಟಿನಿಂದ ಹೊರಬರಲು ದೀರ್ಘ ಹೋರಾಟ ಆರಂಭವಾದುದೂ ಇದೇ ಮೈಲಾಪೂರಿನ ವಕೀಲಮಂಡಲಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಮದ್ರಾಸಿನಲ್ಲಿ ಒಬ್ಬ ತರುಣನನ್ನು ಕುಟುಂಬದ ಹಣದಿಂದ ಓದಿಸಿದ್ದರೆ, ಆತ ವಕೀಲನಾಗಿಯೋ ಅಧಿಕಾರಿಯಾಗಿಯೋ ಗಳಿಸಿದ್ದೆಲ್ಲ ಕುಟುಂಬದ ಆಸ್ತಿಯೆಂದು ದಾಯಾದಿಗಳು ದಾವೆ ಹೂಡಬಹುದಾಗಿತ್ತು. ಆತ ಸತ್ತ ಮೇಲೆ ವಿಧವೆಯೂ ಹೆಣ್ಣುಮಕ್ಕಳೂ ಬರಿಗೈಯಲ್ಲಿ ನಿಲ್ಲಬೇಕಿತ್ತು. ಮೈಲಾಪೂರಿನ ವಕೀಲವರ್ಗದ ಅಗ್ರಗಣ್ಯರಾಗಿದ್ದ ವಿ. ಭಾಷ್ಯಂ ಅಯ್ಯಂಗಾರರು 1891ರಲ್ಲಿ ಮದ್ರಾಸಿನ ಶಾಸನಸಭೆಯಲ್ಲಿ ವಿದ್ಯಾಗಳಿಕೆಯ ಮಸೂದೆಯನ್ನು ಮಂಡಿಸಿದರು: ಓದಿನಿಂದ ಗಳಿಸಿದ್ದು ಗಳಿಸಿದವನದೇ. ಸಂಪ್ರದಾಯಸ್ಥರು ಬೊಬ್ಬೆಯಿಟ್ಟರು. ಸಭೆ ಒಪ್ಪಿದರೂ ಗವರ್ನರರು ಅಂಗೀಕಾರ ನೀಡಲಿಲ್ಲ. ಅದೇ ಆಶಯ ಕಾನೂನಾಗಲು 1930ರವರೆಗೆ ಕಾಯಬೇಕಾಯಿತು. ವೇತನವನ್ನು ಅವಿಭಕ್ತ ಕುಟುಂಬದ ಬಾಯಿಯಿಂದ ಬಿಡಿಸಿಕೊಳ್ಳಲು ಸುಮಾರು ನಲವತ್ತು ವರ್ಷ ಹಿಡಿಯಿತು. ಅದೇ ಬೀದಿಗಳಲ್ಲಿ ಈಗ ಆ ವೇತನದಾರರ ಮರಿಮಕ್ಕಳ ಕಾಲದವರು ಆಸ್ತಿಯನ್ನು ಮರಳಿ ಅದೇ ಬಾಯಿಗೆ ತುರುಕುವ ಉಪಾಯ ಕೇಳಿಕೊಂಡು ಸಲಹೆಗಾರರ ಮೆಟ್ಟಿಲು ಹತ್ತುತ್ತಿದ್ದಾರೆ.

ಕನ್ನಡ ಜೈನರಿಗೆ, ಅದರಲ್ಲಿಯೂ ತುಳುನಾಡಿನ ಮೂಲದವರಿಗೆ, ಈ ಕರ್ತಾ ಪದವಿ ಎರವಲು ಅಂಗಿ. ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೂ ಮದ್ರಾಸಿನ ಆಡಳಿತದಲ್ಲಿಯೇ ಇತ್ತು. ಅಲ್ಲಿಯ ಜೈನ ಮನೆತನಗಳ ಆಸ್ತಿ ವ್ಯಾಜ್ಯಗಳು ಮದ್ರಾಸ್ ಹೈಕೋರ್ಟಿನವರೆಗೂ ಬರುತ್ತಿದ್ದವು. ಆ ವ್ಯಾಜ್ಯಗಳು ಮಿತಾಕ್ಷರದವಲ್ಲ, ಅಳಿಯಸಂತಾನದವು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಮನೆಯ ಹಿರಿಯ ಸದಸ್ಯೆ ಯಜಮಾನ್ತಿಯಾಗಬಹುದಿತ್ತು; 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಹಂಚುವುದನ್ನೂ ಕವರುಗಳ ಮೇಲೆ, ಎಂದರೆ ತಾಯಂದಿರ ಕವಲುಗಳ ಮೇಲೆ, ನಿಲ್ಲಿಸಿತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಚೌಟ ರಾಣಿ ಅಬ್ಬಕ್ಕ ಪಟ್ಟಕ್ಕೆ ಬಂದುದೂ ಈ ಪದ್ಧತಿಯಿಂದಲೇ. ಅಳಿಯಸಂತಾನವೇನೂ ಸ್ವರ್ಗವಾಗಿರಲಿಲ್ಲ, ಸೋದರಮಾವನ ದರ್ಬಾರು ಅನೇಕ ಮನೆಗಳಲ್ಲಿ ಸಾಕಷ್ಟು ಬಿಗಿಯಾಗಿಯೇ ನಡೆಯುತ್ತಿತ್ತು. ಆದರೂ ಅಬ್ಬಕ್ಕನ ಚಿತ್ರವನ್ನು ಸಮಾಜದ ಸಭಾಂಗಣದಲ್ಲಿ ತೂಗುಹಾಕಿ, ಅದರ ಕೆಳಗೆ ಕುಳಿತು ಮಗಳ ಹೆಸರಿಲ್ಲದ ಸದಸ್ಯಪಟ್ಟಿಗೆ ಸಹಿ ಹಾಕುವ ದೃಶ್ಯದಲ್ಲಿ ಏನೋ ಕೊರತೆಯಿದೆ.

ಹೆಸರಿನ ಪ್ರಶ್ನೆಯೂ ಇದೆ. ಮೈಲಾಪೂರಿನ ಕಡಲತೀರದಲ್ಲಿ ಒಮ್ಮೆ ನೇಮಿನಾಥನ ಬಸದಿಯಿತ್ತೆಂದೂ, ಮೂರ್ತಿಯನ್ನು ಮುಂದೆ ಚಿತ್ತಾಮೂರಿಗೆ ಒಯ್ಯಲಾಯಿತೆಂದೂ ತಮಿಳು ಜೈನರ ಪರಂಪರೆ ಹೇಳುತ್ತದೆ. ಚೆನ್ನೈಗೆ ಬಂದ ಕನ್ನಡ ಜೈನ ಕುಟುಂಬಗಳು ಈ ಕಥೆಯನ್ನು ಅಭಿಮಾನದಿಂದ ಮಕ್ಕಳಿಗೆ ಹೇಳುತ್ತವೆ: ‘ನಾವು ಇಲ್ಲಿ ಹೊಸಬರಲ್ಲ, ಯಾರ ಶಾಖೆಯೂ ಅಲ್ಲ.’ 1927ರ ಗಟೆಪ್ಪ ವಿರುದ್ಧ ಎರಮ್ಮ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು, ಹಿಂದಿನ ತೀರ್ಪುಗಳ ಕಟ್ಟು ಇಲ್ಲದಿದ್ದರೆ ಜೈನರು ಹಿಂದೂಗಳಿಂದ ಸಿಡಿದು ಹೋದವರಲ್ಲ, ಅವರ ಇತಿಹಾಸ ಸ್ಮೃತಿಗಳಿಗಿಂತ ಹಿಂದಿನದೆಂದು ತಾವು ಹೇಳುತ್ತಿದ್ದುದಾಗಿ ಬರೆದರು. ಈ ಮಾತು ಸಮ್ಮೇಳನದ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. 2014ರ ಜನವರಿಯಲ್ಲಿ ಕೇಂದ್ರವು ಜೈನರನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿದಾಗ ಸಿಹಿ ಹಂಚಲಾಯಿತು.

ಅದೇ ಭಾಷಣಕಾರನ ಎರಡನೆಯ ಪ್ಯಾನ್ ಕಾರ್ಡಿನಲ್ಲಿ ‘ಎಚ್’ ಇದೆ. ಕಾನೂನು ಇಲ್ಲಿ ತಪ್ಪಿಲ್ಲ. 1956ರ ಕಾಯಿದೆಗಳು ಬೌದ್ಧ, ಜೈನ, ಸಿಖ್ಖರನ್ನು ತಮ್ಮ ವ್ಯಾಪ್ತಿಗೆ ಸ್ಪಷ್ಟವಾಗಿ ಸೇರಿಸಿಕೊಂಡಿವೆ. ಜೈನ ಅವಿಭಕ್ತ ಕುಟುಂಬವೂ ಸಂಪತ್ತು ತೆರಿಗೆಯ ದೃಷ್ಟಿಯಿಂದ ಹಿಂದೂ ಅವಿಭಕ್ತ ಕುಟುಂಬವೇ ಎಂದು ಸುಪ್ರೀಂ ಕೋರ್ಟು 1972ರಲ್ಲಿ ನಿರ್ಣಯಿಸಿದೆ. ಸ್ವಾರಸ್ಯವೆಂದರೆ ಆ ದಾವೆಯಲ್ಲಿ ತಾವು ಆ ವರ್ಗಕ್ಕೆ ಸೇರುತ್ತೇವೋ ಇಲ್ಲವೋ ಎಂಬುದರ ಮೇಲೆ ತೆರಿಗೆಯ ಹೊರೆ ನಿಂತಿತ್ತು. ಹೊರೆಯಾದಾಗ ಬೇರೆ, ಲಾಭವಾದಾಗ ಒಂದು. 2025ರ ಫೆಬ್ರವರಿಯಲ್ಲಿ ಇಂದೋರಿನ ಕುಟುಂಬ ನ್ಯಾಯಾಲಯವೊಂದು, ಜೈನರು ಅಲ್ಪಸಂಖ್ಯಾತರಾದ ಮೇಲೆ ಹಿಂದೂ ವಿವಾಹ ಕಾಯಿದೆ ಅವರಿಗೆ ಅನ್ವಯಿಸದೆಂದು ವಿಚ್ಛೇದನದ ಅರ್ಜಿಯನ್ನು ತಳ್ಳಿಹಾಕಿತು. ಮರುತಿಂಗಳೇ ಮಧ್ಯಪ್ರದೇಶ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಆ ಒಂದು ತಿಂಗಳು ಹಲವು ಜೈನ ಲೆಕ್ಕಪುಸ್ತಕಗಳ ಒಡೆಯರಿಗೆ ನಿದ್ದೆ ಬಂದಿರಲಾರದು: ವಿವಾಹ ಕಾಯಿದೆ ಹೋದರೆ ‘ಎಚ್’ ಉಳಿಯುವುದೇ?

ಸಮರ್ಥಕರು ಕೊಡುವ ಮೊದಲ ಉತ್ತರ, ಇದು ಕಾನೂನುಬದ್ಧ ಎಂಬುದು. ನಿಜ. ಒಟ್ಟಿಗೆ ವ್ಯಾಪಾರ ನಡೆಸಿ, ಒಟ್ಟಿಗೆ ಉಂಡು, ನಿಜವಾಗಿಯೂ ಅವಿಭಕ್ತರಾಗಿರುವ ಮನೆತನಗಳು ಈಗಲೂ ಕೆಲವಿವೆ. ಅವರ ಮೇಲೆ ಈ ಆಕ್ಷೇಪವಿಲ್ಲ. ಗಂಡ ಹೆಂಡತಿ ಇಬ್ಬರೇ ವಾಸಿಸುವ ಫ್ಲ್ಯಾಟಿನಲ್ಲಿ ಕೂತು ‘ನಾವು ಅವಿಭಕ್ತರು’ ಎಂದು ಸಹಿ ಹಾಕುವವರ ಮಾತು ಬೇರೆ. ಗೌಳಿ ಬುದ್ದಣ್ಣ ಪ್ರಕರಣದಲ್ಲಿ, ಅದೂ ಮೈಸೂರು ರಾಜ್ಯದಿಂದ ಹೋದ ದಾವೆ, ಎರಡನೆಯ ಗಂಡಸಿಲ್ಲದಿದ್ದರೂ ಅವಿಭಕ್ತ ಕುಟುಂಬ ಇರಬಲ್ಲದೆಂದು ಸುಪ್ರೀಂ ಕೋರ್ಟು 1966ರಲ್ಲಿ ಹೇಳಿತು. ಒಬ್ಬನೇ ಗಂಡಸು ಉಳಿದ ಹೆಂಗಸರ ಮನೆಯೂ ಕುಟುಂಬವೇ ಎಂದು ಹೇಳಿದ ಆ ತೀರ್ಪಿನಿಂದ ಜೀವಂತ ಹೆಂಗಸರನ್ನು ಪಟ್ಟಿಯಿಂದ ಬಿಡುವ ಧೈರ್ಯ ಯಾರಿಗೂ ಬರಬಾರದಿತ್ತು. ಮತ್ತು ಪರ್ಯೂಷಣದಲ್ಲಿ, ದಶಲಕ್ಷಣದಲ್ಲಿ ತತ್ತ್ವಾರ್ಥಸೂತ್ರದ ಪಾರಾಯಣ ಕೇಳುವವರಿಗೆ ಒಂದು ಪದ ಗೊತ್ತಿರುತ್ತದೆ: ಕೂಟಲೇಖಕ್ರಿಯೆ. ಸುಳ್ಳು ಬರಹ ಮಾಡುವುದು. ಅದನ್ನು ಉಮಾಸ್ವಾತಿಗಳು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ವಿರುದ್ಧರಾಜ್ಯಾತಿಕ್ರಮವನ್ನು ಅಚೌರ್ಯದ ಅತಿಚಾರಗಳಲ್ಲಿ. ವ್ರತಿಯು ನ್ಯಾಯಾಲಯದಲ್ಲಿ ಗೆಲ್ಲಬಹುದಾದ ಬರಹಕ್ಕೂ ಆ ಮೊದಲ ಪದ ತಗಲಬಹುದು.

ಎರಡನೆಯ ಉತ್ತರ, ಅವಿಭಕ್ತ ಕುಟುಂಬ ಹೋದರೆ ಸಂಸ್ಕೃತಿ ಹೋಗುತ್ತದೆ ಎಂಬುದು. ಕೇರಳವು 1975ರ ಕಾಯಿದೆಯಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸಿತು. 1976ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಚತುರ್ಮುಖ ಬಸದಿ ಈಗಲೂ ನಿಂತಿದೆ, ಪೂಜೆ ನಡೆಯುತ್ತದೆ, ಜನ ಕನ್ನಡ ತುಳು ಮಾತನಾಡುತ್ತಾರೆ. ಅಲ್ಲಿ ಹುಟ್ಟಿನಿಂದ ಬರುವ ಅವಿಭಕ್ತ ಹಕ್ಕಿಲ್ಲದೆ ಅರ್ಧಶತಮಾನ ಕಳೆಯುತ್ತ ಬಂತು. ಬಸದಿಯ ಮಾಡು ಕುಸಿಯಲಿಲ್ಲ. ಅಮೆರಿಕದ ತೆರಿಗೆ ಕಾನೂನಿನಲ್ಲಿಯೂ ಇಂಥದೊಂದು ವರ್ಗವಿಲ್ಲ. ನ್ಯೂಜೆರ್ಸಿಯ ಕನ್ನಡ ಜೈನರು ಅದಿಲ್ಲದೆಯೇ ಮಕ್ಕಳಿಗೆ ಣಮೋಕಾರ ಕಲಿಸುತ್ತಿದ್ದಾರೆ.

ಬಿಡಿಸಿಕೊಳ್ಳುವ ದಾರಿ ಕಷ್ಟದ್ದಲ್ಲ, ಆದರೆ ಬ್ಯಾಂಕ್ ಖಾತೆ ಮುಚ್ಚಿದ ಮಾತ್ರಕ್ಕೆ ಮುಗಿಯುವುದೂ ಇಲ್ಲ. 1978ರ ಡಿಸೆಂಬರ್ 31ರ ಅನಂತರದ ಭಾಗಶಃ ವಿಭಾಗವನ್ನು ತೆರಿಗೆ ಕಾಯಿದೆ ಮಾನ್ಯಮಾಡುವುದಿಲ್ಲ. ಸಂಪೂರ್ಣ ವಿಭಾಗವಾಗಬೇಕು, ಅಧಿಕಾರಿಯ ವಿಚಾರಣೆ ನಡೆದು ಆದೇಶವಾಗಬೇಕು. ಅಲ್ಲಿಯವರೆಗೆ ಕಾಗದದ ಕುಟುಂಬಕ್ಕೆ ಆಯುಷ್ಯವಿರುತ್ತದೆ. ಸಂಪೂರ್ಣ ವಿಭಾಗದಲ್ಲಿ ಸದಸ್ಯರಿಗೆ ಹಂಚಿದ ಆಸ್ತಿಯನ್ನು ಕಾಯಿದೆ ವರ್ಗಾವಣೆಯೆಂದು ಎಣಿಸುವುದಿಲ್ಲವಾದ್ದರಿಂದ ಬಂಡವಾಳ ಲಾಭದ ತೆರಿಗೆ ಬೀಳುತ್ತದೆಂಬ ಭಯ ನೆಪವಷ್ಟೆ. ವಿಭಾಗ ಪತ್ರದಲ್ಲಿ ಮಗಳಿಗೆ ಮಗನಷ್ಟೇ ಪಾಲು ಬರೆಯಲು ಕಾನೂನೇ ಹೇಳುತ್ತದೆ. ಹೆಂಡತಿಗೆ ದಕ್ಷಿಣದ ಪದ್ಧತಿ ಏನನ್ನೂ ಕೊಡದಿದ್ದರೂ ಗಂಡ ತನ್ನ ಪಾಲಿನಿಂದ ಕೊಡುವುದನ್ನು ಯಾವ ಪದ್ಧತಿಯೂ ತಡೆಯುವುದಿಲ್ಲ. ಉಯಿಲಿನ ಒಂದು ವಾಕ್ಯದಿಂದ ಹೊರಗುಳಿದ ಅಕ್ಕನಿಗೆ ಈ ಪತ್ರದಲ್ಲಿ ಜಾಗವಿಲ್ಲ. ಆಕೆಗೆ ಪ್ರತ್ಯೇಕ ದಾನಪತ್ರ ಬರೆಯಬೇಕಾಗುತ್ತದೆ, ಅದಕ್ಕೆ ನೋಂದಣಿ ಶುಲ್ಕ ಬೀಳುತ್ತದೆ. ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಕೊಡುವ ದಾನಕ್ಕೆ ಆದಾಯ ತೆರಿಗೆಯಿಲ್ಲ.